ಕ್ಯಾಲೆಂಡರಿನ ಎಣ್ಣೆ ಬೊಟ್ಟು

ಗಾಡಿಯ ಕಂಪ್ಯೂಟರಿನೊಳಗಿನ ಲೆಕ್ಕ ಬದಲಿಸುವ ಕೆಲಸವನ್ನು ನಾನು ನಾಲ್ಕು ವರ್ಷ ಮಾಡಿದೆ. ಈಗ ಮಾಡುವುದಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ, ಲ್ಯಾಪ್‌ಟಾಪಿನ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ ಎಂದು ಹೇಳಿ ಸಾಗಹಾಕುತ್ತೇನೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಕ್ಯಾಲೆಂಡರಿನ ಮೇಲೆ ಬಿದ್ದ ಎಣ್ಣೆಯ ಬೊಟ್ಟನ್ನು ಈಗಲೂ ಕನ್ನಡಕವಿಲ್ಲದೆ ಓದಬಲ್ಲೆ.

ಕೆಲಸ ಕಲಿತದ್ದು ಬ್ರಹ್ಮಾವರದಲ್ಲಿ, ತೊಂಬತ್ತೇಳನೆಯ ಇಸವಿಯಲ್ಲಿ. ಹೆದ್ದಾರಿ ಬದಿಗೆ ಒಂದು ಪಂಪ್ ರಿಪೇರಿ ಅಂಗಡಿ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುತ್ತದಲ್ಲ, ಆ ಪಂಪು. ಅಂಗಡಿಯ ಗುರುಗಳು ಮುಕ್ಕಾಲು ಕಿವುಡರು. ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಿವಿ ಸರಿಯಿದ್ದ ನಮಗೆ ಯಾರಿಗೂ ಕೇಳದ್ದು ಅವರಿಗೆ ಹಲ್ಲಿನಲ್ಲಿ ಕೇಳುತ್ತಿತ್ತು.

ಆ ಪಂಪಿನಲ್ಲಿ ಒಂದು ಸ್ಕ್ರೂ ಇರುತ್ತಿತ್ತು. ಅದರ ಮೇಲೆ ಕಂಪನಿಯ ಸೀಸದ ಸೀಲು. ಸೀಲು ಒಡೆದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಇಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುತ್ತದೆ, ಲಾರಿ ಏರಿನಲ್ಲಿ ಎಳೆಯುತ್ತದೆ, ಕಪ್ಪು ಹೊಗೆ ಕಾರುತ್ತದೆ, ಇಂಜಿನ್ನಿನ ಆಯುಷ್ಯ ಕಮ್ಮಿಯಾಗುತ್ತದೆ. ಘಾಟಿ ಹತ್ತುವ ಲಾರಿಯವರಿಗೆಲ್ಲ ಅದು ಬೇಕು. ಗುರುಗಳು ಬಾಯಿಗೆ ಬಂದಂತೆ ಬೈಯುತ್ತ ಮಾಡಿಕೊಡುತ್ತಿದ್ದರು. ಆದರೆ ಪಕ್ಕದ ಮಗ್ಗದ ಮನೆಯಿಂದ ತಂದ ಕೆಂಪು ನೂಲನ್ನು ಪಂಪಿಗೆ ಮೂರು ಸುತ್ತು ಕಟ್ಟದೆ ಗಾಡಿ ಹೊರಗೆ ಬಿಡುತ್ತಿರಲಿಲ್ಲ. ಮುಂದೆ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ, ಯಾವ ಡ್ರೈವರ್ ಸೀಟಿಗೆ ಕೂತರೂ, ಇದು ಸ್ಕ್ರೂ ಮುಟ್ಟಿದ ಗಾಡಿ ಎಂದು ಗೊತ್ತಾಗಬೇಕು. "ಮಾಡುದಾರೆ ಮಾಡ್. ಹೇಳ್ದೆ ಮಾಡ್ಬೇಡ. ಓಡ್ಸುವವಂಗೆ ಗೊತ್ತಿರ್ಕ್," ಎನ್ನುತ್ತಿದ್ದರು. ಮದುಮಗಳಿಗೆ ಕಟ್ಟಿದ ಹಾಗೆ ಪಂಪಿಗೆ ನೂಲು ಕಟ್ಟುವ ಮುದುಕನನ್ನು ಕಂಡು ನಾವು ಹಿಂದಿನಿಂದ ನಗುತ್ತಿದ್ದೆವು.

ಐದಾರು ವರ್ಷ ಕಳೆದ ಮೇಲೆ ಕುಂದಾಪುರದಲ್ಲಿ ನನ್ನದೇ ಗ್ಯಾರೇಜ್ ಹಾಕಿದೆ. ಮುಂದಿನ ನಾಲ್ಕೈದು ವರ್ಷದಲ್ಲಿ ಗಾಡಿಗಳ ಜಾತಿಯೇ ಬದಲಾಯಿತು. ಪಂಪಿನ ಸ್ಕ್ರೂ ಹೋಗಿ, ತಂಬಾಕಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಬಂತು. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಟರ್ಬೊ ಎಷ್ಟು ಗಾಳಿ ತುಂಬಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಕಂಪನಿಯ ವರ್ಕ್‌ಶಾಪಿನಲ್ಲಿ ಇಸ್ತ್ರಿ ಹಾಕಿದ ಅಂಗಿಯ ಹುಡುಗರು ವೈರು ಚುಚ್ಚಿ, ಪರದೆ ನೋಡಿ, ಕೈಗೆ ಮಸಿ ತಾಗಿಸಿಕೊಳ್ಳದೆ ಬಿಲ್ಲು ಹರಿಯುತ್ತಿದ್ದರು. ಹತ್ತು ವರ್ಷ ಗ್ರೀಸಿನಲ್ಲಿ ಮಿಂದ ನಾನು ಅವರ ಗೇಟಿನ ಹೊರಗೆ ನಿಂತು ನೋಡಬೇಕು. ನನಗೆ ಹೊಟ್ಟೆ ಉರಿಯಿತು. ಉರಿಯಿತು ಎನ್ನುವುದಕ್ಕೆ ನಾಚಿಕೆಯೇನೂ ಇಲ್ಲ.

ಮುಂಬಯಿಯಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದ. ಅವನು ಅಲ್ಲಿಯ ಒಂದು ಗಲ್ಲಿಯಲ್ಲಿ ನಕಲಿ ಕೇಬಲ್ಲೊಂದನ್ನು ಹುಡುಕಿ ಬಸ್ಸಿನಲ್ಲಿ ಕಳಿಸಿದ, ಜೊತೆಗೆ ಒಂದು ಸಿ.ಡಿ. ಅದರಲ್ಲಿ ಯಾವ ಯಾವ ದೇಶದವರೋ ತಮ್ಮ ಗಾಡಿಗಳಿಗೆ ಬರೆದುಕೊಂಡ ಫೈಲುಗಳು. ಕೆಲಸವೇನೋ ಸುಲಭ. ಪೆಟ್ಟಿಗೆಯಲ್ಲಿರುವ ಲೆಕ್ಕವನ್ನು ಓದಿ ಇಟ್ಟುಕೊಳ್ಳಬೇಕು, ಅದರ ಜಾಗಕ್ಕೆ ಹೊಸ ಲೆಕ್ಕ ಬರೆಯಬೇಕು. ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷದಲ್ಲಿ ಬ್ಯಾಟರಿ ಸೋತರೆ ಪೆಟ್ಟಿಗೆ ಸತ್ತ ಹಾಗೆಯೇ. ನಾನು ಮೊದಲು ಕೈ ಹಾಕಿದ ಗಾಡಿಯ ಪೆಟ್ಟಿಗೆ ಹಾಗೆಯೇ ಸತ್ತಿತು. ಚಾರ್ಜರ್ ಹಚ್ಚಿಕೊಂಡು ಬರೆಯುತ್ತಿದ್ದೆ, ಕರೆಂಟು ಹೋಯಿತು. ಅದು ನನ್ನದೇ ಗಾಡಿ. ಆದ್ದರಿಂದ ಹೆಂಡತಿಯ ಹತ್ತಿರ ಬೈಸಿಕೊಳ್ಳುವುದರಲ್ಲಿ ಮುಗಿಯಿತು.

ಕಂಪನಿಯವರು ಲೆಕ್ಕದಲ್ಲಿ ಒಂದಿಷ್ಟು ಸಡಿಲ ಬಿಟ್ಟಿರುತ್ತಾರೆ. ಕೆಟ್ಟ ಡೀಸೆಲ್ಲಿಗೆ, ಸೆಕೆಗೆ, ಏರಿಗೆ, ಹೆಚ್ಚು ಹೊತ್ತ ಭಾರಕ್ಕೆ ಎಂದು ಬಿಟ್ಟ ಸಡಿಲ ಅದು. ನಾವು ಅದನ್ನು ಕಿತ್ತು ತೆಗೆದು ಗಿರಾಕಿಗೆ ಶಕ್ತಿ ಎಂದು ಮಾರುತ್ತಿದ್ದೆವು. ನಾಲ್ಕು ಜನ ಕೂತು ತಂಪು ಹವೆಯಲ್ಲಿ ಸಪಾಟು ರಸ್ತೆಯ ಮೇಲೆ ಹೋಗುವವರ ಫೈಲನ್ನು, ಒಂಬತ್ತು ಜನರನ್ನು ತುಂಬಿ, ಮೇಲೆ ಗಂಟುಮೂಟೆ ಹೇರಿ, ಏಸಿ ಹಾಕಿಕೊಂಡು ಘಾಟಿ ಹತ್ತುವ ಗಾಡಿಗೆ ಬರೆಯುತ್ತಿದ್ದೆ. ಮೊದಲಿನ ವಾರ ಗಿರಾಕಿ ಸ್ವರ್ಗದಲ್ಲಿರುತ್ತಿದ್ದ. ನನಗೆ ಕುಂದಾಪುರದಿಂದ ಬೈಂದೂರಿನವರೆಗೆ ಹೆಸರು ಬಂತು.

ಆ ಹೆಸರು ಕೇಳಿಯೇ ಟ್ರಾವೆಲ್ಸಿನ ಮಾಲೀಕ ಬಂದದ್ದು. ಬೈಂದೂರಿನಲ್ಲಿ ರೈಲಿಳಿದು ಕೊಲ್ಲೂರಿಗೆ, ಅಲ್ಲಿಂದ ನಾಗೋಡಿ ಘಾಟಿ ಹತ್ತಿ ಸಿಗಂದೂರಿಗೆ ಹೋಗುವ ಭಕ್ತರನ್ನು ಸಾಗಿಸುವ ಏಳು ಗಾಡಿ ಇದ್ದ ಮನುಷ್ಯ. ಏಳೂ ನನ್ನ ಗ್ಯಾರೇಜಿಗೇ ಬರುತ್ತಿದ್ದವು. ಮೂರು ತಿಂಗಳ ಹಿಂದೆ ಹೊಸದಾಗಿ ತೆಗೆದ ಗಾಡಿಯೊಂದನ್ನು ತಾನೇ ಓಡಿಸಿಕೊಂಡು ಬಂದು, "ಘಾಟಿಯಲ್ಲ್ ಎಳೀಕ್, ಎವರೇಜೂ ಕೊಡ್ಕ್. ಎಂತ ಮಾಡ್ತ್ಯೋ ಮಾಡ್," ಎಂದ. ಹೊರಡುವಾಗ ತಿರುಗಿ ಹೇಳಿದ: "ಡ್ರೈವರಿಗೆ ಹೇಳುಕ್ ಹೋಗ್ಬೇಡ. ಎಳೀತ್ ಅಂದ್ರೆ ಇವ್ರ್ ಕಾಲ್ ಎತ್ತುದಿಲ್ಲೆ."

ಆ ಗಾಡಿಯ ಡ್ರೈವರು ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲು ಹಂಗಾರಕಟ್ಟೆಯಲ್ಲಿ ಮೀನಿನ ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದವರು, ಆಮೇಲೆ ದಡಕ್ಕೆ ಬಂದು ಸ್ಟೇರಿಂಗ್ ಹಿಡಿದವರು. ಅಷ್ಟು ವರ್ಷದಲ್ಲಿ ಒಂದು ಗೀರು ಬೀಳಿಸಿದವರಲ್ಲ. ಮತ್ತೆ ಬರುವ ಭಕ್ತರು ಫೋನ್ ಮಾಡಿ ಅವರೇ ಬೇಕು ಎಂದು ಕೇಳುತ್ತಿದ್ದರು. ಅವರಿಗಿದ್ದ ಆಸ್ತಿ ಅದೊಂದೇ: ಗಾಡಿ ಇವರ ಕೈಗೆ ಕೊಟ್ಟರೆ ಚಿಂತೆಯಿಲ್ಲ ಎಂಬ ಮಾತು.

ಅವರಿಗೊಂದು ಅಭ್ಯಾಸವಿತ್ತು. ಬೋಟಿನಲ್ಲಿ ಕಲಿತದ್ದು. ದಿನಾ ಬೆಳಿಗ್ಗೆ ತಮ್ಮ ಮನೆಯಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಆಯಿಲಿನ ಕಡ್ಡಿ ಎಳೆದು ಮಟ್ಟ ನೋಡುವರು. ಅದನ್ನು ಎಲ್ಲ ಒಳ್ಳೆಯ ಡ್ರೈವರುಗಳೂ ಮಾಡುತ್ತಾರೆ. ಇವರು ಕಡ್ಡಿಯ ತುದಿಯ ಒಂದು ಹನಿಯನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಒತ್ತುವರು. ದೇವರಿಗೆ ಬೊಟ್ಟು ಇಟ್ಟಷ್ಟೇ ಶ್ರದ್ಧೆ. ಎಣ್ಣೆ ಎಷ್ಟು ಕಪ್ಪಾಯಿತು, ಯಾವಾಗ ಬದಲಿಸಬೇಕು ಎಂದು ಸಾಲಾಗಿ ಕಾಣುತ್ತದೆ. ಏಕಾದಶಿ ನೋಡುವುದಕ್ಕೆ ಪಕ್ಕದ ಮನೆಗೆ ಹೋಗಬೇಕಾಗಿದೆ ಎಂದು ಹೆಂಡತಿ ಜಗಳ ತೆಗೆದ ಮೇಲೆ ಎಣ್ಣೆಗೇ ಬೇರೆ ಕ್ಯಾಲೆಂಡರ್ ತೂಗಿಸಿದ್ದರಂತೆ. ಇದನ್ನು ಅವರೇ ನಗುತ್ತ ಹೇಳಿದ್ದರು.

ಹೊಸ ಲೆಕ್ಕ ಬರೆದದ್ದು ಹನ್ನೆರಡನೆಯ ಇಸವಿಯ ಮಾರ್ಚಿನಲ್ಲಿ. ಮೂರನೇ ದಿನವೇ ಅವರು ಬಂದರು. "ಹ್ವಾಯ್, ಎಂತ ಮಾಡಿದ್ರಿ ನೀವ್? ನಾಗೋಡಿ ಏರಲ್ಲ್ ಮೂರ್ನೇ ಗೇರಲ್ಲೇ ಹೋತ್ ಮಾರಾಯ್ರೆ!"

"ಎಂತ ಇಲ್ಲೆ. ಫಿಲ್ಟರ್ ಬದಲ್ಸಿದೆ," ಎಂದೆ.

ಅವರ ಮುಖದಲ್ಲಿ ಸಂತೋಷ ಕಂಡು ನನಗೂ ಸಂತೋಷವಾಯಿತು. ಆ ಹೊತ್ತಿಗೆ ಕೆಂಪು ನೂಲು ನೆನಪಿಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಬಂದದ್ದನ್ನು ನೂಕಿದೆ.

ಏಪ್ರಿಲಿನಲ್ಲಿ ಇಂಜಿನ್ನಿನ ಲೈಟು ಹೊತ್ತಿಕೊಂಡಿತು. ಘಾಟಿಯ ಅರ್ಧದಲ್ಲಿ ಹಳದಿ ಲೈಟು. ಭಕ್ತರು ಹೆದರಿ, ದೇವಿಗೆ ಏನೋ ಮುನಿಸು ಎಂದು ಹರಕೆ ಹೊತ್ತುಕೊಂಡರಂತೆ. ಡ್ರೈವರು ಮರುದಿನವೇ ನನ್ನಲ್ಲಿಗೆ ಬಂದರು. ಪೆಟ್ಟಿಗೆ ಹೇಳುತ್ತಿದ್ದದ್ದು ಸ್ಪಷ್ಟವಾಗಿತ್ತು: ಟರ್ಬೊ ಮಿತಿ ಮೀರಿ ತಿರುಗುತ್ತಿದೆ. ಸೆನ್ಸರಿಗೆ ಧೂಳು ಕೂತಿದೆ ಎಂದು ಹೇಳಿ ಲೈಟು ಅಳಿಸಿ ಕಳಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂತು, ಮತ್ತೆ ಅಳಿಸಿದೆ. ಮೂರನೇ ಸಲಕ್ಕೆ ಮಾಲೀಕ ಫೋನಿನಲ್ಲಿ ಕಿರುಚಿದ: "ಆ ಲೈಟ್ ಇನ್ನ್ ಕಾಂಬುಕಾಗ. ಜನ ಬೇರೆ ಗಾಡಿಗ್ ಹೋತ್ರ್." ಕೂತು, ಆ ಲೈಟು ಇನ್ನೆಂದೂ ಹೊತ್ತದ ಹಾಗೆ ಫೈಲಿನಲ್ಲೇ ಅದರ ಕಣ್ಣು ಕಟ್ಟಿದೆ. ಏನಾದರೂ ಆದರೆ ಡ್ರೈವರಿಗೆ ಗೊತ್ತಾಗಲಿ ಎಂದು ಇದ್ದದ್ದು ಅದೊಂದೇ ಲೈಟು.

ಮೇ ತಿಂಗಳ ಕೊನೆಗೆ ಅವರು ಕಡ್ಡಿಯನ್ನೇ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಒಳಗೆ ಬಂದರು. "ಇದ್ ಕಾಣಿ. ಎಣ್ಣಿ ಕಮ್ಮಿ ಆಪುದ್ ಕಂಡಿದೆ. ಇದ್ ಜಾಸ್ತಿ ಆತ್ತಲೆ! ನಾನ್ ಹಾಕ್ಲಿಲ್ಲೆ. ಮ್ಯಾಲ್ ಬಂದಿತ್ತ್."

ಆಗ ಗ್ಯಾರೇಜಿನಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ನಾನು ಜೋರಾಗಿ ನಕ್ಕೆ. "ನಿಮ್ಮ ಪುಣ್ಯ! ಎಲ್ಲರ್ ಗಾಡಿ ಎಣ್ಣಿ ಕುಡಿತ್, ನಿಮ್ದ್ ದನದ್ ಹಂಗೆ ಕರಿತ್!" ಎಂದೆ. ಅವರಿಬ್ಬರೂ ನಕ್ಕರು. ಡ್ರೈವರೂ ನಕ್ಕರು, ಕಡ್ಡಿ ತೆಗೆದುಕೊಂಡು ಹೋದರು.

ಆಯಿಲ್ ಮೇಲೆ ಬರುವುದು ಒಂದೇ ಕಾರಣಕ್ಕೆ. ಹೆಚ್ಚು ಚಿಮ್ಮಿಸಿದ ಡೀಸೆಲ್ ಪೂರ್ತಿ ಉರಿಯದೆ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ನೀರಾಗುತ್ತದೆ. ನೀರಾದ ಆಯಿಲನ್ನು ನಂಬಿಕೊಂಡು ಟರ್ಬೊ ತಿರುಗುತ್ತಿರುತ್ತದೆ. ಬ್ರಹ್ಮಾವರದಲ್ಲಿ ಮೊದಲ ವರ್ಷವೇ ಇದನ್ನು ಕಲಿತಿದ್ದೆ. ಗೊತ್ತಿದ್ದವನು ನಾನು, ಹಲ್ಲು ಕಿರಿದವನೂ ನಾನೇ.

ಜುಲೈಯಲ್ಲಿ ಒಂದು ಬೆಳಿಗ್ಗೆ ನಾಗೋಡಿ ಘಾಟಿಯ ತಿರುವಿನಲ್ಲಿ ಟರ್ಬೊ ಒಡೆಯಿತು. ಒಡೆದ ಟರ್ಬೊ ಇಂಜಿನ್ನಿನ ಆಯಿಲನ್ನೇ ಗಾಳಿಯ ಪೈಪಿಗೆ ಎಳೆಯಿತು. ಡೀಸೆಲ್ ಇಂಜಿನ್ನಿಗೆ ಉರಿಯುವುದೇನು ಸಿಕ್ಕಿದರೂ ಸಾಕು. ತನ್ನ ಆಯಿಲನ್ನೇ ಕುಡಿದು ಅದು ಕಿರುಚಿಕೊಂಡು ಓಡತೊಡಗಿತು. ಕೀ ತೆಗೆದರೂ ನಿಲ್ಲುವುದಿಲ್ಲ. ಒಳಗೆ ಏಳು ಜನ, ಒಂದು ಕೈಗೂಸು. ಹೊಗೆಗೆ ಎದುರಿನ ರಸ್ತೆ ಕಾಣುವುದಿಲ್ಲ. ಬೇರೆ ಡ್ರೈವರಾಗಿದ್ದರೆ ಹಾರಿಬಿಡುತ್ತಿದ್ದ. ಇವರು ಗಾಡಿಯನ್ನು ಗುಡ್ಡ ಕಡಿದ ಧರೆಯ ಬದಿಗೆ ಒರಗಿಸಿ, ಐದನೇ ಗೇರಿಗೆ ಹಾಕಿ, ಬ್ರೇಕಿನ ಮೇಲೆ ನಿಂತು ಕ್ಲಚ್ ಬಿಟ್ಟು, ಇಂಜಿನ್ನಿನ ಕುತ್ತಿಗೆ ಹಿಸುಕಿ ನಿಲ್ಲಿಸಿದರು. ಒಬ್ಬರಿಗೂ ಗೀರಾಗಲಿಲ್ಲ. ಇಂಜಿನ್ ಅಷ್ಟರಲ್ಲಿ ಜಾಮಾಗಿ ಮುಗಿದಿತ್ತು, ಒಳಗೆ ಒಂದು ತೊಟ್ಟು ಆಯಿಲ್ ಉಳಿದಿರಲಿಲ್ಲ.

ನನಗೆ ಮೊದಲು ಫೋನ್ ಮಾಡಿದ್ದು ಮಾಲೀಕ. ಗಾಡಿಗೆ ಇನ್ನೂ ಕಂಪನಿಯ ವಾರಂಟಿ ಇತ್ತು. ಪೆಟ್ಟಿಗೆ ಮುಟ್ಟಿದ್ದು ಗೊತ್ತಾದರೆ ಅದು ಹೋಯಿತು. "ಕಂಪನಿಯವ್ರ್ ಟೋ ಮಾಡುಕ್ ಬಪ್ಪುದ್ರೊಳಗೆ ಹಳೇದ್ ಹಾಕ್," ಎಂದ.

ನಾನು ಘಾಟಿಗೆ ಹೋದೆ. ಜೋರು ಮಳೆ. ಭಕ್ತರನ್ನು ಬೇರೆ ಗಾಡಿಗೆ ಹತ್ತಿಸಿ ಕಳಿಸಿ ಡ್ರೈವರೊಬ್ಬರೇ ನಿಂತಿದ್ದರು. ನಾನು ಬಾಗಿಲು ತೆರೆದು, ಸೀಟಿನ ಅಂಚಿನಲ್ಲಿ ಕೂತು, ಕೇಬಲ್ ಚುಚ್ಚಿದೆ. ಮಳೆಯ ಇರಚಲು ಒಳಗೆ ಹೊಡೆಯುತ್ತಿತ್ತು. ಅವರು ಕೊಡೆ ಬಿಡಿಸಿ ನನ್ನ ಲ್ಯಾಪ್‌ಟಾಪಿಗೆ ಹಿಡಿದರು. ತಾವು ನೆನೆಯುತ್ತ ಹನ್ನೆರಡು ನಿಮಿಷ ಹಾಗೆಯೇ ನಿಂತರು. ನಾನು ರೋಗ ಹುಡುಕುತ್ತಿದ್ದೇನೆ ಎಂದು ತಿಳಿದಿದ್ದರು.

"ಸಿಕ್ತಾ?" ಎಂದರು.

"ಇಲ್ಲೆ," ಎಂದೆ. ಕಂಪನಿಯ ಹಳೆಯ ಲೆಕ್ಕ ಪೂರ್ತಿ ಬರೆದಾಗಿತ್ತು.

ಯಾರು ಯಾವಾಗ ಬರೆದರು ಎಂಬ ಗುರುತು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಹುಡುಕುವವರಿಗೆ. ಕಂಪನಿಯ ವರ್ಕ್‌ಶಾಪಿನವರು ಹುಡುಕಲಿಲ್ಲ. ಆಯಿಲಿನ ತಟ್ಟೆ ಒಣಗಿದ್ದು ಅವರಿಗೆ ಸಾಕಾಯಿತು. ಆಯಿಲ್ ಇಲ್ಲದೆ ಓಡಿಸಿದ್ದು ಎಂದು ಎರಡು ಸಾಲು ಬರೆದು ಕೈ ತೊಳೆದುಕೊಂಡರು. ವಾರಂಟಿಯೂ ಸಿಗಲಿಲ್ಲ. ಮಾಲೀಕನಿಗೆ ಸಿಟ್ಟು ತೀರಿಸಿಕೊಳ್ಳಲು ಒಬ್ಬ ಮನುಷ್ಯ ಬೇಕಿತ್ತು.

ಬೈಂದೂರಿನ ಆಫೀಸಿಗೆ ನನ್ನನ್ನೂ ಕರೆಸಿ, ಉಳಿದ ಆರು ಡ್ರೈವರುಗಳ ಎದುರಿಗೆ, ಆ ಕಾಗದವನ್ನು ಅವರ ಮುಖಕ್ಕೆ ಹಿಡಿದ. "ನಾನ್ ದಿನಾ ಕಾಂತೆ. ದಿನಾ!" ಎಂದರು ಅವರು. ಮಾಲೀಕ ನನ್ನ ಕಡೆ ತಿರುಗಿ, "ನೀನ್ ಹೇಳ್, ಆಯ್ಲ್ ಇಲ್ದಿದ್ರೆ ಹಿಂಗೇ ಆಪುದ್ ಅಲ್ದಾ?" ಎಂದು ಕೇಳಿದ. ಎಷ್ಟು ಚೆನ್ನಾಗಿ ಕೇಳಿದ ನೋಡಿ, ಬೋಳಿಮಗ. "ಹೌದ್, ಆಯ್ಲ್ ಇಲ್ದಿದ್ರೆ ಹಿಂಗೇ ಆತ್," ಎಂದೆ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರನ್ನು ಅವತ್ತೇ ಕೆಲಸದಿಂದ ತೆಗೆದರು. ಬೈಂದೂರಿನಿಂದ ಕುಂದಾಪುರದವರೆಗೆ ಯಾವ ಟ್ರಾವೆಲ್ಸಿನವರೂ ಅವರಿಗೆ ಮತ್ತೆ ಕೀ ಕೊಡಲಿಲ್ಲ. ಎಣ್ಣೆ ನೋಡದ ಡ್ರೈವರ್ ಎಂದು ಹೆಸರಾಯಿತು.

ವಾರ ಕಳೆದು ಅವರು ಗ್ಯಾರೇಜಿಗೆ ಬಂದರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಕ್ಯಾಲೆಂಡರ್. ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಜನವರಿಯಿಂದ ಒಂದೊಂದೇ ಹಾಳೆ ತಿರುಗಿಸಿದರು. "ಒಂದ್ ದಿನ ತಪ್ಪಿತ್ತಾ ಕಾಣಿ. ನಿಮ್ಗೆ ಇದ್ ಓದುಕ್ ಬತ್ತ್. ನೀವ್ ಒಂದ್ ಮಾತ್ ಹೇಳಿರೆ ಅವ್ರ್ ಕೇಂತ್ರ್."

ಓದಿದೆ. ಜನವರಿ, ಫೆಬ್ರವರಿ, ಚೌಕದ ನಡುವೆ ಉದ್ದಿನ ಕಾಳಿನಷ್ಟು ದುಂಡಗಿನ ಬೊಟ್ಟು. ಮಾರ್ಚಿನ ಮೂರನೇ ವಾರದಲ್ಲಿ, ನಾನು ಫೈಲು ಬರೆದ ದಿನದವರೆಗೆ ಹಾಗೆಯೇ. ಅಲ್ಲಿಂದ ಮುಂದೆ ಬೊಟ್ಟಿನ ಸುತ್ತ ತೆಳ್ಳಗಿನ ಒಂದು ಬಳೆ. ಏಪ್ರಿಲಿನಲ್ಲಿ ಬಳೆ ಅಗಲವಾಗುತ್ತ ಬಂತು. ಮೇಯಲ್ಲಿ ಚೌಕ ತುಂಬಿತು. ಜೂನಿನಲ್ಲಿ ಒಂದು ದಿನದ ಎಣ್ಣೆ ಮರುದಿನದ ಚೌಕಕ್ಕೆ, ಅದರಾಚೆಗೂ ಹರಡಿತ್ತು. ಡೀಸೆಲ್ ಸೇರಿದ ಆಯಿಲ್ ಕಾಗದದ ಮೇಲೆ ಹಾಗೆಯೇ ಹರಡುತ್ತದೆ. ನಾನು ಏನು ಮಾಡಿದೆ, ಯಾವತ್ತು ಮಾಡಿದೆ, ಎಲ್ಲವೂ ತಾರೀಕು ಸಮೇತ ಅಲ್ಲಿತ್ತು. ಎಣ್ಣೆಯ ಕಪ್ಪನ್ನಷ್ಟೇ ನೋಡುತ್ತಿದ್ದ ಅವರಿಗೆ ಮಾತ್ರ ಬಳೆಯ ಅರ್ಥ ಗೊತ್ತಿರಲಿಲ್ಲ. ತಾನು ದಿನಾ ನೋಡಿದ್ದೇನೆ ಎಂಬುದಕ್ಕೆ ಸಾಕ್ಷಿ ಎಂದಷ್ಟೇ ಅವರು ಅದನ್ನು ತಂದಿದ್ದರು.

ಅಷ್ಟು ಹೇಳಿದ್ದರೂ ಸಾಕಿತ್ತು. ಇವರು ಒಂದು ದಿನವೂ ತಪ್ಪಿಸಿಲ್ಲ ಎಂದು. ಆದರೆ ಆ ಕ್ಯಾಲೆಂಡರ್ ಮಾಲೀಕನ ಮೇಜಿಗೆ, ಅಲ್ಲಿಂದ ಕಂಪನಿಯವರ ಮೇಜಿಗೆ ಹೋದರೆ, ಅಲ್ಲಿ ಯಾರಾದರೂ ಒಬ್ಬ ಓದಲು ಬರುವವನು ಇದ್ದರೆ? ಏಳು ಗಾಡಿ ಹೋಗುತ್ತವೆ, ಗ್ಯಾರೇಜ್ ಹೋಗುತ್ತದೆ, ಹೆಸರು ಹೋಗುತ್ತದೆ. ನನ್ನ ಹೆಸರಿನ ಬಗ್ಗೆ ನನಗೆ ಬಹಳ ಕಾಳಜಿ.

"ಇದ್ರಲ್ಲ್ ಎಂತ ಗೊತ್ತಾತಿಲ್ಲೆ," ಎಂದೆ. "ಬರೀ ಬೊಟ್ಟ್."

ಅವರು ಹಾಳೆಗಳನ್ನು ಮಡಚಿ ಮೇಜಿನ ಅಂಚಿಗೆ ಸರಿಸಿದರು. "ಹಂಗಾರೆ ನಿಮ್ಮತ್ರವೇ ಇರ್ಲಿ. ಮನೆಯಲ್ಲ್ ಕಂಡ್ರೆ ಹೊಟ್ಟಿ ಉರಿತ್," ಎಂದು ಹೇಳಿ ಬರಿಗೈಯಲ್ಲಿ ಹೋದರು.

ಆ ವರ್ಷವೇ ಕೇಬಲ್ಲನ್ನು ಕತ್ತರಿಸಿ ಎಸೆದೆ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಮಾಲೀಕ ಈಗ ಹನ್ನೊಂದು ಗಾಡಿಯ ಧಣಿ. ಗಾಡಿಗಳು ನನ್ನಲ್ಲಿಗೇ ಬರುತ್ತವೆ.

ನಾಲ್ಕು ವರ್ಷದ ನಂತರ ಸಾಲಿಗ್ರಾಮದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಅಂಗಳದಲ್ಲಿ ಒಬ್ಬರು ಹೆಗಲ ಮೇಲಿನ ಬೈರಾಸು ಬೀಸುತ್ತ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅವರೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾರು ತಿರುಗಿಸಿಕೊಂಡು ಓಡಿಬಿಡಲು ಹಿಂದೆ ಜಾಗವಿರಲಿಲ್ಲ.

"ಹ್ವಾಯ್! ಎಷ್ಟ್ ಕಾಲ ಆಯ್ತ್ ಮಾರಾಯ್ರೆ!" ಎಂದು ಓಡಿಬಂದು ಬಾಗಿಲು ತೆಗೆದರು. ಜೊತೆಗಿದ್ದ ವಾಚ್‌ಮನ್ನನನ್ನು ಕರೆದು ನನ್ನನ್ನು ತೋರಿಸಿದರು. "ಕುಂದಾಪ್ರದ್ ಮೆಕ್ಯಾನಿಕ್. ಅವತ್ ಎಲ್ಲರೂ ನಂಗೆ ಬೈದದ್ದೇ. ಇವ್ರೊಬ್ರೇ ಮಳಿಯಲ್ಲ್ ಘಾಟಿಗ್ ಬಂದ್ ಕೂತ್ಕಂಡ್ ಹುಡ್ಕಿದ್ರ್." ಆಮೇಲೆ ದನಿ ತಗ್ಗಿಸಿ, "ಆ ಕ್ಯಾಲೆಂಡರ್ ಇತ್ತಾ?" ಎಂದು ಕೇಳಿದರು.

ಅದು ನನ್ನ ಕಪಾಟಿನಲ್ಲಿದೆ. ಸುಡಬೇಕೆಂದು ಎರಡು ಸಲ ಹೊರಗೆ ತೆಗೆದು ಮತ್ತೆ ಒಳಗಿಟ್ಟಿದ್ದೇನೆ. "ಗೆದ್ಲ್ ಹಿಡ್ದ್ ಹೋಯ್ತ್," ಎಂದೆ.

"ಹೋಯ್ಲಿ ಬಿಡಿ. ಅದ್ರಲ್ಲ್ ಎಂತ ಇಲ್ಲೆ ಅಂದ್ ನೀವೇ ಹೇಳಿದ್ರಿ ಅಲ್ದಾ," ಎಂದು, ಬೇರೆ ಗಾಡಿಗೆ ದಾರಿ ಮಾಡಬೇಕಾದರೆ ಸರಿಸಲು ಬೇಕು ಎಂದು ನನ್ನ ಕೀ ಇಸಿದುಕೊಂಡರು.

ಊಟ ಮುಗಿಸಿ ಬರುವಾಗ ಕಾರು ನೆರಳಿಗೆ ಬಂದು ನಿಂತಿತ್ತು, ಗಾಜು ಒರೆಸಿತ್ತು. ಅವರು ಕೀ ಕೊಟ್ಟರು. ಅದರ ಜೊತೆಗೆ ಹರಿದ ಆಮಂತ್ರಣ ಪತ್ರದ ಒಂದು ತುಂಡು. ಅದರ ಹಿಂಬದಿಯಲ್ಲಿ ಒಂದು ಬೊಟ್ಟು ಎಣ್ಣೆ, ಇನ್ನೂ ಹಸಿ.

"ನಿಮ್ಮ್ ಗಾಡಿದ್. ಕೈ ಸುಮ್ನಿರ್ತಿಲ್ಲೆ, ಕಡ್ಡಿ ಎಳ್ದೆ. ಲಾಯ್ಕ್ ಇತ್ತಾ ಕಾಣಿ. ನಂಗೆ ಓದುಕ್ ಬತ್ತಿಲ್ಲೆ."

ದುಂಡಗೆ, ಬಳೆಯಿಲ್ಲದೆ, ಉದ್ದಿನ ಕಾಳಿನಷ್ಟೇ ಇತ್ತು.

"ಲಾಯ್ಕ್ ಇತ್ತ್," ಎಂದೆ. ಅವರಿಗೆ ನಾನು ಓದಿ ಹೇಳಿದ ನಿಜ ಅದೊಂದೇ.